ಏಳನೇ ಪಾಠದ ಕೊನೆಯ ನಾಲ್ಕು ಸಾಲು

ಮೇಣದ ಹಾಳೆಯ ಮೇಲೆ ಕನ್ನಡ ಬರೆಯುವಾಗ ದುಂಡನ್ನು ಪೂರ್ತಿ ಮುಚ್ಚಬಾರದು. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಮೊದಲ ಎರಡು ಹಾಳೆ ಕೆಡಿಸಿದ ಮೇಲೆ ಕೈಗೆ ತಾನಾಗಿ ತಿಳಿದದ್ದು. ಸೈಕ್ಲೋಸ್ಟೈಲ್ ಯಂತ್ರಕ್ಕೆ ಹಾಕುವ ಸ್ಟೆನ್ಸಿಲ್ ಹಾಳೆಯನ್ನು ಉಕ್ಕಿನ ಮೊನೆಯ ಕಡ್ಡಿಯಿಂದ ಗೀರಿ ಬರೆಯಬೇಕು. ಮೊನೆ ಹೋದ ಕಡೆ ಮೇಣ ಸರಿದು, ಅಲ್ಲಿಂದ ಶಾಯಿ ಇಳಿದು, ಕಾಗದದ ಮೇಲೆ ಅಕ್ಷರ ಮೂಡುತ್ತದೆ. ಇಂಗ್ಲಿಷಿಗೆ ಟೈಪ್ ಯಂತ್ರವಿತ್ತು, ಕನ್ನಡಕ್ಕೆ ಕೈಯೇ ಗತಿ. ನಮ್ಮ ಅಕ್ಷರಗಳೋ ಬಹುಪಾಲು ದುಂಡು. ಒಂದೇ ಏಟಿಗೆ ಸುತ್ತಿ ಮುಗಿಸಿದರೆ ನಡುವಿನ ಚೂರು ಉದುರಿಹೋಗಿ ಅಲ್ಲೊಂದು ಕರಿಯ ಬೊಟ್ಟು ಬೀಳುತ್ತದೆ. ಅದಕ್ಕೇ ಕೂದಲೆಳೆಯಷ್ಟು ಜಾಗ ಬಿಟ್ಟು ಕೈ ಎತ್ತಬೇಕು. ಅಚ್ಚಿನಲ್ಲಿ ಶಾಯಿ ತಾನೇ ಹರಡಿ ಆ ಸಂದನ್ನು ಮುಚ್ಚಿಕೊಳ್ಳುತ್ತದೆ.

ಆ ಕೆಲಸ ನನ್ನ ಪಾಲಿಗೆ ಬಂದದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ನಾವು ಊರಿಗಾಂನ ಗಣಿ ಕ್ವಾರ್ಟರ್ಸಿನಲ್ಲಿದ್ದಾಗ. ನನ್ನ ಯಜಮಾನರು ಗಣಿಯ ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದರು. ಒಂದು ಬೆಳಿಗ್ಗೆ, ಅವರು ಕೆಲಸಕ್ಕೆ ಹೊರಡುವ ಹೊತ್ತಿಗೆ, ಬಿಳಿ ಷರಾಯಿ ತೊಟ್ಟ, ತಲೆಯ ಟೋಪಿಯನ್ನು ಕೈಯಲ್ಲಿ ಹಿಡಿದ ಹಿರಿಯರೊಬ್ಬರು ಬಾಗಿಲಲ್ಲಿ ನಿಂತಿದ್ದರು. ಗಣಿಯ ಬಾವಿಗೆ ಆಳುಗಳ ಕೇಜನ್ನು ಇಳಿಸಿ ಏರಿಸುವ ಎಂಜಿನ್ನನ್ನು ಮೂವತ್ತು ವರ್ಷ ನಡೆಸಿ, ಹಿಂದಿನ ವರ್ಷ ನಿವೃತ್ತರಾದವರು. ಮನೆಮಾತು ತಮಿಳು. ಹುಟ್ಟಿನಿಂದ ಕ್ರೈಸ್ತರು, ಆದರೆ ಹಳೆಯ ಚರ್ಚು ಬಿಟ್ಟು ಹೊಸದೊಂದು ಕೂಟ ಸೇರಿದ್ದರು. ಆ ಕೂಟದಲ್ಲಿ ಪಾಠ ಹೇಳುವುದರಿಂದ ಎಲ್ಲರೂ ಅವರನ್ನು ಬೋಧಕರು ಎನ್ನುತ್ತಿದ್ದರು.

“ನಿಮ್ಮ ಮನೆಯವರ ಕೈಬರಹ ಅಚ್ಚು ಹಾಕಿದ ಹಾಗೆ ಇರ್ತದೆ ಅಂತ ಕೇಳಿದೆ ಸಾರ್” ಎಂದರು ಯಜಮಾನರಿಗೆ. “ಬಂಗಾರಪೇಟೆ ಕಡೆ ಹಳ್ಳಿಯವರು ನಮ್ಮ ಪಾಠ ಕೇಳಬೇಕು ಅಂತಾರೆ. ನನಗೆ ಕನ್ನಡ ಮಾತು ಬರ್ತದೆ, ಎಳುತ್ತು, ಅದೇ ಅಕ್ಷರ, ಬರಲ್ಲ.”

ಪಾಠಗಳು ಅವರಿಗೆ ದೂರದ ಮುಖ್ಯ ಸಭೆಯಿಂದ ಇಂಗ್ಲಿಷಿನಲ್ಲಿ ಅಂಚೆಯಲ್ಲಿ ಬರುತ್ತಿದ್ದವು, ಒಂದೊಂದೂ ಪ್ರಶ್ನೆ ಉತ್ತರಗಳ ಒಂದೊಂದು ಹಾಳೆ. ಅವನ್ನು ಕನ್ನಡ ಮಾಡಿ, ಸ್ಟೆನ್ಸಿಲ್ ಬರೆದುಕೊಡಬೇಕು. ಮುಖ್ಯ ಸಭೆಯ ಷರತ್ತು ಒಂದೇ: ಪಾಠಕ್ಕೆ ಒಂದು ಮಾತನ್ನೂ ಕೂಡಿಸಬಾರದು, ಒಂದನ್ನೂ ಕಳೆಯಬಾರದು.

ನಾನು ಒಪ್ಪಿಕೊಂಡದ್ದಕ್ಕೆ ಒಂದು ಕಾರಣವಿತ್ತು. ನಾನು ಓದಿದ ಕಾನ್ವೆಂಟಿನಲ್ಲಿ ಕ್ರೈಸ್ತ ಹುಡುಗಿಯರಿಗೆ ಧರ್ಮಪಾಠವಾಗುವಾಗ ನಮ್ಮಂಥ ಹಿಂದೂ ಹುಡುಗಿಯರನ್ನು ಅದೇ ಕೋಣೆಯ ಹಿಂದಿನ ಬೆಂಚಿನಲ್ಲಿ ಕಸೂತಿಗೆ ಕೂರಿಸುತ್ತಿದ್ದರು. ಸೂಜಿ ಬಟ್ಟೆಯ ಮೇಲೆ, ಕಿವಿ ಪಾಠದ ಮೇಲೆ. ಪಾಠ ಹೇಳುವ ಮದರ್ ಪ್ರಶ್ನೆ ಕೇಳಿದಾಗ ಮುಂದಿನ ಬೆಂಚಿನವರು ತಡವರಿಸಿದರೆ ನನ್ನ ತುಟಿ ಆಡುತ್ತಿತ್ತು. ಹೀಗೆ ಒಂದು ಹೂವಿನ ಎಸಳು ತುಂಬುವಷ್ಟರಲ್ಲಿ ಹತ್ತು ಉತ್ತರ ನನಗೆ ಬಾಯಿಪಾಠ. ಈ ಹೊಸ ಪಾಠಗಳಲ್ಲಿ ಪ್ರಶ್ನೆಗಳು ಅವೇ, ಉತ್ತರಗಳು ಬೇರೆ. ಅದೇ ನನ್ನನ್ನು ಎಳೆಯಿತು.

ಅತ್ತೆ ಬೂದಿಕೋಟೆಯವರು. ನಶ್ಯದ ಡಬ್ಬಿಯ ಮುಚ್ಚಳ ತಟ್ಟುತ್ತ, ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದರು: “ರಾಮಕೋಟಿ ಬರಿಯೇ ಅಂದ್ರೆ ಟೈಮಿಲ್ಲ ಅಂದೋಳು, ಈಗ ಏಸುಕೋಟಿ ಬರಿಯೋಕೆ ಕೂತವ್ಳೆ!”

ಊಟದ ಮಣೆಯ ಮೇಲೆ ಯಜಮಾನರು ತಂದುಕೊಟ್ಟ ಗಾಜಿನ ಹಲಗೆ, ಅದರ ಮೇಲೆ ಹಾಳೆ. ಬೆಳಗಿನ ಕೆಲಸ ಮುಗಿದು, ಮಧ್ಯಾಹ್ನದ ಅಡಿಗೆಗೆ ಇನ್ನೂ ಹೊತ್ತಿರುವಾಗ ಬರೆಯುತ್ತಿದ್ದೆ. ಬಿಸಿಲೇರಿದರೆ ಮೇಣ ಮೆತ್ತಗಾಗಿ ಹಾಳೆ ಹಲಗೆಗೆ ಅಂಟಿಕೊಳ್ಳುತ್ತಿತ್ತು. ತಪ್ಪಿದಲ್ಲಿ ಕೆಂಪು ದ್ರವ ಸವರಿ, ಊದಿ ಒಣಗಿಸಿ, ಅದರ ಮೇಲೆ ಮತ್ತೆ ಬರೆಯಬೇಕು.

ನನ್ನ ಕ್ರಮವೊಂದಿತ್ತು. ಕನ್ನಡವನ್ನು ಮೊದಲು ಹಳೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡು, ನಮ್ಮ ಹಾಲಿನವಳಿಗೆ ಓದಿ ಹೇಳುತ್ತಿದ್ದೆ. ಪಾಠ ಕೇಳುವವರು ಅವಳಂಥವರೇ ತಾನೆ. ಅವಳಿಗೆ ತಿಳಿದರೆ ಸ್ಟೆನ್ಸಿಲ್, ಇಲ್ಲದಿದ್ದರೆ ರಬ್ಬರು. ಅವಳು ಕ್ಯಾಸಂಬಳ್ಳಿಯ ಹತ್ತಿರದ ಹಳ್ಳಿಯಿಂದ ಮೊದಲ ಬಸ್ಸಿಗೆ ಕ್ಯಾನು ಹೊತ್ತು ಬಂದು, ಮನೆಮನೆಗೆ ಹಾಕಿ, ಕೊನೆಗೆ ನಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದಳು. ಮೂವತ್ತು ದಾಟಿರಲಿಲ್ಲ. ಗಂಡ ಗಣಿಯಲ್ಲಿ ಕೂಲಿಗಿದ್ದವನು, ಎರಡು ವರ್ಷದ ಹಿಂದೆ ಕೆಳಗೆ ಬಂಡೆ ಸಿಡಿದು ಸತ್ತಿದ್ದ. ಅವನು ಇದ್ದಾಗ ಕೆಲಸಕ್ಕೆ ಬರುತ್ತಿದ್ದುದೂ ಅದೇ ಮೊದಲ ಬಸ್ಸಿಗೆ. ಅವನ ಸಾವಿನ ವಿಷಯ ಅವಳು ಎತ್ತುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಎತ್ತಿದರೂ ಒಂದೇ ಮಾತು: “ದೇವ್ರು ಬರೆದಿದ್ದು ಕಣಮ್ಮ, ಯಾರೇನ್ ಮಾಡಕಾಯ್ತದೆ.”

ಮೊದಲ ಪಾಠವೇ ಮೆಸ್ಸೀಯ ಎಂದರೆ ಯಾರು ಎಂಬುದು. ದೇವರು ಎಣ್ಣೆ ಹಚ್ಚಿಸಿ ಗೊತ್ತುಮಾಡಿ ಕಳಿಸಿದವನು ಎಂದು ಓದಿದೆ.

“ಎಣ್ಣೆ ಅಚ್ಚೋದು ಅಂದ್ರೆ, ಮದುವೆ ಗಂಡಿಗೆ ಅಚ್ತಾರಲ್ಲ, ಅಂಗಾ?” ಎಂದಳು.

ಬೋಧಕರು ಅವತ್ತು ಹಾಳೆ ಕೊಡಲು ಬಂದು ಹೊರಜಗುಲಿಯಲ್ಲಿದ್ದರು. ಎದ್ದೇ ನಿಂತರು. “ಅದೇ ಅಮ್ಮಾ! ಅದೇ ನಮ್ಮ ಪಾಠ! ನಾನು ಆರು ತಿಂಗಳು ಓದಿ ತಿಳಕೊಂಡಿದ್ದನ್ನ ಈಕೆ ಒಂದು ಲೋಟ ಕಾಫಿಯಲ್ಲಿ ಹೇಳಿಬಿಟ್ಟಳು.”

ಅವರ ಕೂಟದ ನಂಬಿಕೆ ಅದು. ಕಾನ್ವೆಂಟಿನಲ್ಲಿ ನಾನು ಕೇಳಿದ್ದು, ಆತ ನಮ್ಮ ಪಾಪಕ್ಕಾಗಿ ಸಾಯಲೆಂದೇ ಬಂದವನು ಎಂದು. ಇವರು ಹಾಗಲ್ಲ ಎನ್ನುತ್ತಿದ್ದರು. ಮೊದಲ ಮನೆ ಹಾಳಾಯಿತು, ಮೊದಲ ಗಂಡ ಹೆಂಡತಿ ದೇವರಿಂದ ದೂರವಾದರು; ಆ ಮನೆಯನ್ನು ಮತ್ತೆ ಕಟ್ಟಲು, ಎಲ್ಲರೂ ಮಕ್ಕಳಾಗಬಹುದಾದ ಒಂದು ಸಂಸಾರ ಹೂಡಲು ಮೆಸ್ಸೀಯ ಬಂದ. ಬಾಳಲು ಬಂದವನು ಅವನು. ಜನ ಕೈಬಿಟ್ಟದ್ದರಿಂದ ಸತ್ತ. ಕೆಲಸ ಅರ್ಧ ಉಳಿದಿದೆ, ಅದಕ್ಕೇ ಮತ್ತೆ ಬರಬೇಕು. ಬರುವುದೂ ಮೋಡದ ಮೇಲಲ್ಲ, ಯಾವುದೋ ಬಡಮನೆಯಲ್ಲಿ ತಾಯಿ ಹೊಟ್ಟೆಯಿಂದ. ಯಾವ ಮನೆ ಎಂದು ತಿಳಿಯದ ಕಾರಣ ಎಲ್ಲ ಮನೆಗಳೂ ಅಣಿಯಾಗಿರಬೇಕು. ಶನಿವಾರದ ಊಟಕ್ಕೆ ಕೂಟದವರೆಲ್ಲ ಒಂದು ಮಣೆ ಹೆಚ್ಚಿಗೆ ಹಾಕಿ ಖಾಲಿ ಬಿಡುತ್ತಿದ್ದರು.

ಅತ್ತೆಗೆ ಇದು ಸರಿಬರಲಿಲ್ಲ. “ಅವತಾರ ಅಂದ್ಮೇಲೆ ಕೆಟ್ಟೋರ್ನ ಕೊಲ್ಲಬೇಕು. ಸಂಸಾರ ಮಾಡೋಕೆ ಯಾಕ್ರೀ ಅವತಾರ? ಅದನ್ನ ನಾನೂ ಮಾಡಿವ್ನಿ.”

“ಸಂಸಾರ ಮಾಡೋದೇ ಕಷ್ಟ ಅಮ್ಮಾ” ಎಂದರು ಬೋಧಕರು. ಅತ್ತೆ ನಶ್ಯ ಏರಿಸಿ, “ಅದೇನೋ ನಿಜ” ಎಂದು ಒಪ್ಪಿಕೊಂಡರು.

ಮೂರನೆಯ ಪಾಠ ಬರೆಯುವ ದಿನ ಗೂಡಿನಲ್ಲಿದ್ದ ಲೋಟಗಳೆಲ್ಲ ಒಮ್ಮೆಲೇ ಗಲಗಲ ಎಂದವು. ನೆಲ ನಡುಗಿ ನನ್ನ ಕೈಯ ಕಡ್ಡಿ ಜಾರಿ ಹಾಳೆಯ ಮೇಲೆ ಉದ್ದಕ್ಕೆ ಗೀರು ಬಿತ್ತು. ಎಲ್ಲೋ ಕೆಳಗೆ ಬಂಡೆ ಸಿಡಿದಿದೆ. ನಮ್ಮಲ್ಲಿ ಹಾಗಾದಾಗ ಯಾರೂ ಮಾತಾಡುವುದಿಲ್ಲ, ಕೆಳಗೆ ಯಾರಿಗಾದರೂ ಪೆಟ್ಟಾದರೆ ಕೂಗುವ ಸೈರನ್ನಿಗೆ ಕಿವಿಗೊಟ್ಟು ಕೂತಿರುತ್ತೇವೆ. ಅಂದು ಸೈರನ್ ಕೂಗಲಿಲ್ಲ. ತಿರುಗಿ ನೋಡಿದರೆ ಹಾಲಿನವಳು ಹೊಸ್ತಿಲಲ್ಲಿ ಎದ್ದು ನಿಂತು, ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದಿದ್ದಳು. ಚೆಲ್ಲಿದ ಕಾಫಿ ಅವಳ ಪಾದದ ಮೇಲೆ ಹರಿಯುತ್ತಿತ್ತು. ಬಿಸಿಯಿದ್ದರೂ ಅವಳು ಕಾಲು ಸರಿಸಲಿಲ್ಲ.

ಆರು ಪಾಠ ಹೀಗೆ ಮುಗಿದವು. ಏಳನೆಯದಕ್ಕೆ ಕ್ರಮ ತಪ್ಪಿತು. ಬಂಗಾರಪೇಟೆಯ ಮೊದಲ ಕನ್ನಡ ಕೂಟ ಬರುವ ಭಾನುವಾರವೆಂದು ಗೊತ್ತಾಗಿತ್ತು. ಏಳನೆಯ ಪಾಠವೇ ಅಂದು ಓದುವುದು, ಶನಿವಾರ ಅಚ್ಚಾಗಬೇಕು. ಡಬ್ಬದಲ್ಲಿ ಉಳಿದದ್ದು ಒಂದೇ ಸ್ಟೆನ್ಸಿಲ್. ಹೊಸ ಡಬ್ಬ ಬೆಂಗಳೂರಿನಿಂದ ಬರಬೇಕು. ಅವಸರಕ್ಕೆ ಬಿದ್ದು, ಹಾಲಿನವಳಿಗೆ ಓದುವ ಮೊದಲೇ ಗೀರಿ ಮುಗಿಸಿದೆ. ಪಾಠ ಚಿಕ್ಕದು, ಹಾಳೆಯ ಕೆಳಗೆ ನಾಲ್ಕು ಸಾಲಿನಷ್ಟು ಜಾಗ ಉಳಿಯಿತು. ಇಷ್ಟು ಅಚ್ಚುಕಟ್ಟಾಗಿ ಇನ್ನಾವುದೂ ಬಂದಿರಲಿಲ್ಲ; ಒಂದು ಕಡೆಯೂ ಕೆಂಪು ಸವರಿರಲಿಲ್ಲ. ಆ ಹೆಮ್ಮೆಯಲ್ಲೇ ಮರುದಿನ ಅವಳಿಗೆ ಓದಿದೆ.

“ಮೆಸ್ಸೀಯನು ಸಾಯಬೇಕೆಂಬುದು ದೇವರ ಇಚ್ಛೆಯಾಗಿತ್ತೇ? ಅಲ್ಲ. ಅವನು ಬಾಳಬೇಕೆಂಬುದೇ ದೇವರ ಇಚ್ಛೆ. ಹಾಗಾದರೆ ಅವನು ಸತ್ತದ್ದೇಕೆ? ಅವನಿಗೆ ಹತ್ತಿರದವರು, ಅವನನ್ನು ಕಾಯಬೇಕಾದವರು ತಮ್ಮ ಪಾಲಿನ ಕೆಲಸ ಮಾಡಲಿಲ್ಲ. ಅವರು ಮಾಡಿದ್ದರೆ ಅವನು ಬದುಕುತ್ತಿದ್ದ.”

ಅವಳು ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದಳು. ಕಾಫಿಯ ಮೇಲೆ ಕೆನೆ ಕಟ್ಟಿತ್ತು.

“ದೇವ್ರು ಬರೆದಿದ್ದಲ್ವಾ ಅದು?”

“ಅಲ್ಲ ಅಂತಾರೆ ಇವರು.”

“ಅತ್ರದೋರು ಮಾಡಿದ್ದು.”

“ಹೂಂ.”

ಕಾಫಿ ಹಾಗೇ ಇಟ್ಟು ಎದ್ದಳು. ತಿಳಿಯಿತಾ ಎಂದು ಕೇಳಿದೆ. “ತಿಳೀತು ಕಣಮ್ಮ, ಚೆನ್ನಾಗೇ ತಿಳೀತು” ಎಂದು ಕ್ಯಾನು ಎತ್ತಿಕೊಂಡು ಹೋದಳು. ನನಗೆ ಅನುಮಾನವೇ ಬರಲಿಲ್ಲ. ತಿಳಿಯಿತು ಎಂದಳಲ್ಲ ಎಂದು ಹಾಳೆಯನ್ನು ತೆಳ್ಳನೆಯ ಕಾಗದದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ.

ಮರುದಿನ ಅವಳು ಬರಲಿಲ್ಲ. ಹಾಲನ್ನು ಅವಳ ಊರಿನ ಇನ್ನೊಬ್ಬಳು ತಂದು ಹಾಕಿದಳು. ಎರಡನೆಯ ದಿನವೂ ಹಾಗೇ. ಜ್ವರವಾ ಎಂದರೆ, “ಜರ ಇಲ್ಲ, ಏನೂ ಇಲ್ಲ ಕಣಮ್ಮ. ಕೊಟ್ಟಿಗೇಲಿ ಕೂತವ್ಳೆ. ಬಾಯಿಗೆ ಏನೂ ಆಕ್ಕೊಂತಿಲ್ಲ” ಎಂದಳು.

ಅತ್ತೆ ನಶ್ಯದ ಡಬ್ಬಿ ಮುಚ್ಚಿದರು. “ನೀನು ಅವತ್ತು ಏನೋ ಓದ್ದೆಯಲ್ಲ, ಅವತ್ತಿಂದ್ಲೇ. ಓಗಿ ನೋಡ್ಕೊಂಡ್ ಬಾ. ಅಡಿಗೆ ನಾನ್ ಮಾಡ್ತೀನಿ.”

ಹತ್ತು ಗಂಟೆಯ ಬಸ್ಸಿಗೆ ಹೋದೆ. ಅವಳು ಕೊಟ್ಟಿಗೆಯಲ್ಲಿ, ಕರುವಿನ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದಳು. ನನ್ನನ್ನು ಕಂಡು ಗೋಣಿಚೀಲ ಕೊಡವಿ ಹಾಸಿದಳು. ನೆಲ ನೋಡಿಕೊಂಡು ಹೇಳಿದಳು.

“ಆವತ್ತು ಅವ್ರು ಒಸ್ತಿಲು ದಾಟೋವಾಗ ನಾನು ಸೀನ್ದೆ ಕಣಮ್ಮ. ಒಂಟಿ ಸೀನು. ಅವ್ರು ನಿಂತ್ರು. ಕೂತು ಒಂದ್ ಗುಟುಕು ನೀರು ಕುಡ್ಕೊಂಡ್ ಓಗ್ತೀನಿ ತಾ ಅಂದ್ರು. ನಾನೇ, ಒಲೆ ಒಗೆಗೆ ಬಂದಿದ್ದು ಸೀನು, ಅದಕ್ಕೂ ಕೂತ್ಕೊಂತಾರಾ, ಬಸ್ಸು ತಪ್ತದೆ ಓಗಿ ಅಂದೆ. ನಕ್ಕೊಂಡ್ ಓದ್ರು.”

ಕರು ಅವಳ ಕೈ ನೆಕ್ಕುತ್ತಿತ್ತು.

“ಕೂತಿದ್ರೆ ಬಸ್ಸು ತಪ್ತಿತ್ತು. ಬಸ್ಸು ತಪ್ಪಿದ್ರೆ ಪಾಳಿ ತಪ್ತಿತ್ತು. ಎರಡು ವರ್ಸ ದೇವ್ರು ಬರೆದಿದ್ದು ಅಂತ ಅಂದ್ಕೊಂಡು ಇದ್ದೆ. ದೇವ್ರಲ್ವಂತೆ. ಅತ್ರದೋರಂತೆ. ನನಗಿಂತ ಅತ್ರದೋರು ಅವ್ರಿಗ್ಯಾರಮ್ಮ ಇದ್ರು?”

ಅದು ಮೆಸ್ಸೀಯನ ಮಾತು, ನಿನ್ನ ಗಂಡನದಲ್ಲ ಎಂದೆ. ಅವಳು ನನ್ನತ್ತ ನೋಡಿದ ನೋಟದಲ್ಲಿ ಸಿಟ್ಟೂ ಇರಲಿಲ್ಲ. ಪಾಠ ಅವಳಂಥವರಿಗಾಗಿಯೇ ಎಂದು ಹೊಸ್ತಿಲಲ್ಲಿ ಕೂರಿಸಿ ಓದಿದವಳು ನಾನೇ.

ಸಂಜೆ ಬೋಧಕರು ಹಾಳೆಗಾಗಿ ಬಂದರು. ಕೊಡುವುದಿಲ್ಲ ಎಂದೆ. ಹಿರಿಯರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆನೆಂದು ನೆನಪು.

“ಯಾಕಮ್ಮಾ? ತಪ್ಪು ಬಿದ್ದಿದೆಯಾ?”

“ಬರಹ ಸರಿಯಾಗಿದೆ. ಭಾನುವಾರ ಬರುವವರಲ್ಲಿ ನಮ್ಮ ಹಾಲಿನವಳಂಥವರು ಇನ್ನೆಷ್ಟು ಜನ ಇರ್ತಾರೋ. ಒಬ್ಬಳಿಗೆ ಓದಿಯೇ ಹೀಗಾಯಿತು” ಎಂದು, ಸೀನಿನ ಹೆಸರೆತ್ತದೆ, ಗಂಡನ ಸಾವಿಗೆ ಅವಳು ತನ್ನನ್ನೇ ದೂರಿಕೊಳ್ಳುತ್ತಿದ್ದಾಳೆ ಎಂದಷ್ಟೇ ಹೇಳಿದೆ.

ಅವರು ಜಗುಲಿಯ ಮೇಲೆ ಕೂತು ಟೋಪಿಯನ್ನು ಮೊಣಕಾಲಿಗೆ ಸಿಕ್ಕಿಸಿದರು. “ಅಮ್ಮಾ, ಮೂವತ್ತು ವರ್ಷ ನಾನು ಇಳಿಸಿದ ಕೇಜಿನಿಂದ ಎಷ್ಟೋ ಜನ ನಡಕೊಂಡು ವಾಪಸ್ ಬರಲಿಲ್ಲ. ಆದಷ್ಟೂ ಸಮಾಧಿಗಳಿಗೆ ಹೋದೆ. ಅಲ್ಲೆಲ್ಲಾ ಒಂದೇ ಮಾತು, ದೇವರ ಚಿತ್ತ, ದೇವರ ಚಿತ್ತ. ಮನೆಗೆ ಬಂದು ಅದೇ ದೇವರಿಗೆ ಮೊಣಕಾಲೂರಬೇಕು. ನನ್ನಿಂದ ಆಗಲಿಲ್ಲ. ಎಷ್ಟೋ ವರ್ಷ ಪ್ರಾರ್ಥನೆ ಬಿಟ್ಟಿದ್ದೆ, ನನ್ನ ಹೆಂಡತಿಗೂ ಗೊತ್ತಿಲ್ಲ. ಈ ಏಳನೇ ಪಾಠ ಓದಿದ ದಿನ ಅತ್ತುಬಿಟ್ಟೆ. ಕೊಲ್ಲೋನು ಅವನಲ್ಲ ಅಂತ ತಿಳೀತಲ್ಲ. ಇದನ್ನ ನಾನು ಮುಚ್ಚಿಡೋದು ಹೇಗಮ್ಮಾ?”

ಒಂದೇ ಹಾಳೆ ಒಬ್ಬರನ್ನು ದೇವರ ಕಡೆ ತಿರುಗಿಸಿತ್ತು, ಇನ್ನೊಬ್ಬಳನ್ನು ಕೊಟ್ಟಿಗೆಯಲ್ಲಿ ಕೂರಿಸಿತ್ತು.

“ಮುಚ್ಚಿಡಿ ಅನ್ನೋದಿಲ್ಲ. ಮೊದಲು ಅವಳ ಹತ್ತಿರ ಬನ್ನಿ. ಅವಳ ಎದುರು ಕೂತು ಇದೇ ಮಾತು ಹೇಳಿ. ಆಮೇಲೆ ಹಾಳೆ ಕೊಡ್ತೀನಿ.”

ಒಳಗಿನಿಂದ ಅತ್ತೆ ಕೂಗಿದರು: “ಓಗ್ರೀ ಅಯ್ಯ! ಎಷ್ಟೋ ಜನರನ್ನ ಕೆಳಕ್ಕೆ ಇಳಿಸಿದೋರಿಗೆ ಒಂದ್ ಎಣ್ಣು ಮೇಲೆ ಎತ್ತೋಕಾಗಲ್ವಾ?”

ಅವರ ಮುಖ ಸಣ್ಣದಾಯಿತು. ಅತ್ತೆಯ ಮಾತು ಎಲ್ಲಿ ತಗುಲಿತೆಂದು ನನಗೆ ತಿಳಿದದ್ದು ಮರುದಿನ.

ಮರುದಿನ ಶುಕ್ರವಾರ. ಇಬ್ಬರೂ ಹೋದೆವು. ಅವಳು ಅವರಿಗೂ ಗೋಣಿ ಹಾಸಿದಳು. ಅವರು ಕಲ್ಲಿನ ಮೇಲೇ ಕೂತರು. ಕೇಳಿದ ಮೇಲೆ ಸೀನಿನ ಕಥೆಯನ್ನು ಅವಳೇ ಹೇಳಿದಳು, ನನಗೆ ಹೇಳಿದ್ದ ಮಾತುಗಳಲ್ಲೇ. ಬೋಧಕರು ಪಾಠ ಎತ್ತಲಿಲ್ಲ.

“ಯಾವ ಬಾವಿ, ಯಾವ ಶಾಫ್ಟಮ್ಮಾ?”

ಹೇಳಿದಳು.

“ಯಾವ ತಿಂಗಳು?”

“ಯುಗಾದಿ ಆದ ಮೂರನೇ ದಿನ. ಬೆಳಗಿನ ಪಾಳಿ.”

ಅವರು ಟೋಪಿ ತೆಗೆದು ಪಕ್ಕಕ್ಕಿಟ್ಟರು. ಬಲಗೈಯನ್ನು ತೊಡೆಯ ಮೇಲೆ ಮಗುಚಿ ನೋಡಿಕೊಂಡರು. ಎಂಜಿನ್ನಿನ ಹಿಡಿಕೆ ಹಿಡಿದು ಹಿಡಿದು ಹೆಬ್ಬೆರಳ ಬುಡದಲ್ಲಿ ಕಟ್ಟಿದ್ದ ಜಡ್ಡು ಇನ್ನೂ ಹೋಗಿರಲಿಲ್ಲ.

“ಆ ಬೆಳಿಗ್ಗೆ ಎಂಜಿನ್ ಮುಂದೆ ಕೂತಿದ್ದವನು ನಾನು. ಕೆಳಗೆ ಹೋಗೋ ಆಳುಗಳ ಗಂಟೆ ಬಾರಿಸ್ತು. ಇಳಿಸಿದೆ. ನಿನ್ನ ಗಂಡನ್ನ ಕೊನೇಲಿ ಕೆಳಕ್ಕೆ ಬಿಟ್ಟಿದ್ದು ಈ ಕೈ.” ಬೆರಳು ಮಡಚಿ, “ಮಧ್ಯಾಹ್ನ ಮೇಲಕ್ಕೆ ತಂದಿದ್ದೂ ಇದೇ ಕೈ” ಎಂದರು.

ಹಾಲಿನವಳು ಅವರನ್ನೇ ನೋಡುತ್ತಿದ್ದಳು. ಕೂಗಾಡುತ್ತಾಳೆಂದು ನಾನು ಹೆದರಿದೆ. ಅವಳು ಎದ್ದು, ಹಿತ್ತಾಳೆ ಚೊಂಬಿನಲ್ಲಿ ನೀರು ತಂದು ಅವರ ಮುಂದಿಟ್ಟಳು.

“ಕುಡೀರಿ ಸಾಮಿ. ನೀವ್ಯಾಕ್ ಅಂಗ್ ಕೈ ನೋಡ್ಕೊಂತೀರಿ? ಗಂಟೆ ಒಡದ್ರು, ಬಿಟ್ರಿ. ಕೆಳಗೆ ಬಂಡೆ ಸಿಡೀತದೆ ಅಂತ ನಿಮಗೇನ್ ಗೊತ್ತಿತ್ತು? ಗೊತ್ತಿದ್ದೂ ಕೈಬಿಟ್ಟೋರು ಬೇರೆ, ಗೊತ್ತಿಲ್ದೆ ಬಿಟ್ಟೋರು ಬೇರೆ. ಅಷ್ಟೂ ತಿಳಿಯಲ್ವಾ ದೇವ್ರಿಗೆ?”

ಬೋಧಕರು ಚೊಂಬು ಮುಟ್ಟಲಿಲ್ಲ. ಮೆಲ್ಲನೆ ಕೇಳಿದರು: “ನಿನಗೆ ಗೊತ್ತಿತ್ತಾ ಅಮ್ಮಾ?”

ತಾನು ಹೇಳಿದ ಮಾತು ತಿರುಗಿ ಬಂದು ತನ್ನ ಮುಂದೆಯೇ ನಿಂತದ್ದು ಅವಳಿಗೆ ಆಗ ಕಂಡಿತೇನೋ. ಕರುವಿನ ಕುತ್ತಿಗೆಗೆ ಮುಖ ಒತ್ತಿ ಅತ್ತಳು. ಎರಡು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಅಳು ಮುಗಿದ ಮೇಲೆ ಬೋಧಕರು ಆ ನೀರನ್ನು ಪೂರ್ತಿ ಕುಡಿದರು.

ಬಸ್ಸಿನಲ್ಲಿ ಅವರು ಕಿಟಕಿಯ ಹೊರಗೆ ರಾಗಿ ಹೊಲಗಳನ್ನು ನೋಡುತ್ತ ಬಂದರು. ಆಂಡರ್ಸನ್‌ಪೇಟೆ ದಾಟಿದ ಮೇಲೆ ಕೇಳಿದರು, “ಹಾಳೆಯಲ್ಲಿ ಜಾಗ ಇದೆಯಾ?”

“ನಾಲ್ಕು ಸಾಲಿದೆ.”

“ಆಕೆ ಹೇಳಿದ್ದು ಹೊಸ ಮಾತಲ್ಲಮ್ಮಾ. ಶಿಲುಬೆ ಮೇಲಿದ್ದಾಗ ಮೆಸ್ಸೀಯ ತಂದೆ ಹತ್ತಿರ ಬೇಡಿಕೊಂಡಿದ್ದೂ ಅದೇ, ಇವರನ್ನ ಕ್ಷಮಿಸು, ಮಾಡೋದೇನು ಅಂತ ಇವರಿಗೆ ತಿಳಿಯದು ಅಂತ. ಸುವಾರ್ತೆಯಲ್ಲಿದೆ. ಇಷ್ಟು ವರ್ಷ ಓದಿದ್ದೆ, ಪಾಠದ ಪಕ್ಕದಲ್ಲಿಟ್ಟು ನೋಡಿರಲಿಲ್ಲ.”

“ಕೂಡಿಸಬಾರದು ಅಂತ ಅಲ್ಲವಾ?”

“ಕೂಡಿಸಬಾರದು.” ಟೋಪಿಯ ಅಂಚನ್ನು ಬೆರಳುಗಳಲ್ಲಿ ಒಂದು ಸುತ್ತು ತಿರುಗಿಸಿದರು. ಆಮೇಲೆ, “ಬರಿಯಮ್ಮಾ. ಕೇಳಿದರೆ ನಾನು ಹೇಳ್ತೀನಿ” ಎಂದರು. ಆ ನಾಲ್ಕು ಸಾಲಿಗೆ ಅವರು ಮುಂದೆ ಮುಖ್ಯ ಸಭೆಗೆ ಉತ್ತರ ಹೇಳಬೇಕಾಯಿತೆಂದು ಬೇರೆಯವರಿಂದ ಕೇಳಿದ್ದೇನೆ. ಅವರಾಗಿ ನನ್ನ ಹತ್ತಿರ ಎಂದೂ ಎತ್ತಲಿಲ್ಲ.

ಮನೆಗೆ ಬಂದವಳೇ ಟ್ರಂಕಿನಿಂದ ಹಾಳೆ ತೆಗೆದೆ. ಮಧ್ಯಾಹ್ನದ ಸೆಕೆ, ಮೇಣ ಮೆತ್ತಗಾಗಿತ್ತು. ಗಾಜಿನ ಹಲಗೆಯ ಕೆಳಗೆ ತಣ್ಣೀರಿನಲ್ಲಿ ಹಿಂಡಿದ ಬಟ್ಟೆ ಹಾಸಿ ಬರೆದೆ. ಒಂದೇ ಹಾಳೆ, ತಪ್ಪುವಂತಿಲ್ಲ. ಒಂದೊಂದು ದುಂಡಿಗೂ ಉಸಿರು ಹಿಡಿದು ಸಂದು ಬಿಟ್ಟೆ.

ಪ್ರಶ್ನೆ: ಅರಿಯದೆ ತಪ್ಪಿದವರ ಗತಿ ಏನು?
ಉತ್ತರ: ಅವರು ಕೈಬಿಟ್ಟವರಲ್ಲ. ಮೆಸ್ಸೀಯನು ಸಾಯುವ
ಹೊತ್ತಿನಲ್ಲೂ ಅವರಿಗಾಗಿ ಬೇಡಿಕೊಂಡನು. ಅವನು ಮತ್ತೆ
ಬರುವಾಗ ಮೊದಲು ಅವರ ಮನೆಗೇ ಬರುವನು.

ಕೊನೆಯ ವಾಕ್ಯ ನಾನು ಸೇರಿಸಿದ್ದು. ಸಂಜೆ ಬಂದ ಬೋಧಕರು ಅದನ್ನು ಓದಿ, ಹಾಳೆಯನ್ನು ತಿರುಗಿ ಸುತ್ತಿಕೊಟ್ಟರು.

ಶನಿವಾರ ಬೆಳಿಗ್ಗೆ ಮಾರಿಕುಪ್ಪಂನಿಂದ ಬರುವ ರೈಲಿಗೆ ಬಂಗಾರಪೇಟೆಗೆ ಹೊರಡಬೇಕು. ಯಂತ್ರವಿದ್ದದ್ದು ಅಲ್ಲಿ, ಸ್ಟೇಷನ್ನಿನ ಹತ್ತಿರ ಕೂಟದವರು ಹಿಡಿದಿದ್ದ ಕೋಣೆಯಲ್ಲಿ. ಅಚ್ಚಿನಲ್ಲಿ ಎಲ್ಲಾದರೂ ಮೇಣ ಒಡೆದು ಶಾಯಿ ಸೋರಿದರೆ ತಿದ್ದಲು ನಾನು ಇರಬೇಕಿತ್ತು. ನನ್ನ ತವರೂ ಅದೇ ಊರಾದ್ದರಿಂದ ಯಾರೂ ಬೇಡವೆನ್ನಲಿಲ್ಲ. ಬೋಧಕರು ಬಂದು ಬಾಗಿಲಲ್ಲಿ ನಿಂತಿದ್ದರು. ಹಾಲಿನವಳು ಮೂರು ದಿನ ಬಿಟ್ಟು ಅಂದು ತಾನೇ ಕ್ಯಾನು ಹೊತ್ತು ಬಂದಿದ್ದಳು. ಮುಖ ಬತ್ತಿತ್ತು, ಆದರೆ ತಲೆ ಬಾಚಿದ್ದಳು. ಹಾಲನ್ನು ಅಳೆದು ಹಾಕಿ, ಕಾಫಿಗೆ ಹೊಸ್ತಿಲಲ್ಲಿ ಕೂತಿದ್ದಳು.

ಸುರುಳಿ ಕೈಗೆತ್ತಿಕೊಂಡು ನಾನು ಮೆಟ್ಟಿಲಿಗೆ ಕಾಲಿಟ್ಟೆ. ಒಳಗೆ ಅತ್ತೆ ಸೀನಿದರು. ಒಂದೇ ಸಲ.

ಇನ್ನೊಂದು ಬರಲಿ ಎಂದು ಎಲ್ಲರೂ ಕಾದೆವು. ಬರಲಿಲ್ಲ. ಅತ್ತೆ ಸೆರಗಿನಿಂದ ಮೂಗು ಒತ್ತಿಕೊಂಡು ಓಡಿಬಂದರು. “ನಸ್ಯ ಕಣ್ರೇ! ಬರೀ ನಸ್ಯ! ಅದು ಲೆಕ್ಕಕ್ಕಿಲ್ಲ!” ಹಾಲಿನವಳ ಮುಖ ನೋಡುವ ಧೈರ್ಯ ಅವರಿಗೂ ಇರಲಿಲ್ಲ.

ಬೋಧಕರು ಏನನ್ನೂ ಕೇಳದೆ ಟೋಪಿ ತೆಗೆದು ಜಗುಲಿಯ ಮೇಲೆ ಕೂತುಬಿಟ್ಟರು. ಸೀನು, ಶಕುನಗಳನ್ನು ಪಾಠದಲ್ಲಿ ಖಂಡಿಸುವವರು. ನಾನೂ ಅವರ ಪಕ್ಕದಲ್ಲಿ ಕೂತೆ. ದೂರದಲ್ಲಿ ರೈಲು ಕೂಗಿತು.

ಹಾಲಿನವಳು ಲೋಟ ಕೆಳಗಿಟ್ಟು ಎದ್ದಳು. ಅಡಿಗೆಮನೆಗೆ ಹೋಗಿ ಚೊಂಬಿನಲ್ಲಿ ನೀರು ತಂದು ಮೊದಲು ನನಗೆ, ಆಮೇಲೆ ಅವರಿಗೆ ಕೊಟ್ಟಳು. ಒಂದೊಂದು ಗುಟುಕು ಕುಡಿದೆವು.

“ಏಳಿ ಸಾಮಿ. ಅಮ್ಮಾವ್ರ ನಸ್ಯಕ್ಕೆ ರೈಲು ನಿಂತ್ಕೊಂತದಾ? ಓಗ್ಬನ್ನಿ.”

ನಾವು ಹೋದೆವು. ಓಡಿಹೋಗಿ ಹತ್ತಿದೆವು. ಮಧ್ಯಾಹ್ನ ಮೂರರವರೆಗೆ ಯಂತ್ರದ ಹಿಡಿ ತಿರುಗಿಸಿದರು ಬೋಧಕರು. ಬಂದ ಹಾಳೆಗಳು ಒಂದಕ್ಕೊಂದು ಮೆತ್ತದಂತೆ ನಡುವೆ ಹಳೆಯ ಕಾಗದ ಇಡುತ್ತ ಹೋದೆ ನಾನು. ನೂರಕ್ಕೂ ಮೇಲೆ ಪ್ರತಿ ತೆಗೆದರೂ ಒಂದು ಅಕ್ಷರವೂ ಬೊಟ್ಟಾಗಲಿಲ್ಲ. ಬಿಟ್ಟ ಸಂದುಗಳೆಲ್ಲ ಶಾಯಿಯಲ್ಲಿ ಕೂಡಿಕೊಂಡಿದ್ದವು. ನಾನು ಅವರ ಕೂಟ ಸೇರಲಿಲ್ಲ, ಈಗಲೂ ನಮ್ಮ ಮನೆದೇವರಿಗೇ ದೀಪ ಹಚ್ಚುತ್ತೇನೆ. ಮೆಸ್ಸೀಯ ಬಾಳಲು ಬಂದನೋ ಸಾಯಲು ಬಂದನೋ ಎಂದು ತೀರ್ಪು ಹೇಳುವಷ್ಟು ತಿಳಿದವಳೂ ಅಲ್ಲ. ಆ ಹಾಳೆಯ ಒಂದು ಪ್ರತಿ ಮಾತ್ರ ನನ್ನ ಟ್ರಂಕಿನಲ್ಲಿದೆ.

ಊರಿಗಾಂಗೆ ಮರಳಿ, ಇಳಿಬಿಸಿಲಿನಲ್ಲಿ ಮನೆಯ ತಿರುವು ದಾಟಿದಾಗ ಮೆಟ್ಟಿಲ ಮೇಲೆ ಯಾರೋ ಕೂತದ್ದು ಕಾಣಿಸಿತು. ಹಾಲಿನವಳು. ಖಾಲಿ ಕ್ಯಾನು ಪಕ್ಕದಲ್ಲಿತ್ತು. ಊರಿಗೆ ಹೋಗುವ ಹನ್ನೊಂದರ ಬಸ್ಸು, ಎರಡರ ಬಸ್ಸು ಎಲ್ಲ ಬಿಟ್ಟಿದ್ದಳು. “ಊಟ ಮಾಡು ಅಂದ್ರೂ ಕೇಳ್ಲಿಲ್ಲ, ಒಳಗೆ ಬಾ ಅಂದ್ರೂ ಕೇಳ್ಲಿಲ್ಲ” ಎಂದರು ಅತ್ತೆ. ಅವರೂ ಅವಳ ಹಿಂದೆ ಬಾಗಿಲಲ್ಲೇ ಕೂತಿದ್ದರು. ನಶ್ಯದ ಡಬ್ಬಿ ಕಾಣಲಿಲ್ಲ.

ಅವಳು ನನ್ನನ್ನು ನೋಡಿದಳು, ನನ್ನ ಹಿಂದೆ ನಿಧಾನಕ್ಕೆ ಬರುತ್ತಿದ್ದ ಬೋಧಕರನ್ನು ನೋಡಿದಳು.

“ಬಂದ್ರಾ” ಎಂದಳು.

ಕ್ಯಾನು ಎತ್ತಿ ಸೊಂಟಕ್ಕಿಟ್ಟುಕೊಂಡು, ಐದೂವರೆಯ ಬಸ್ಸಿಗೆ ಹೊರಟಳು.